ಜಯ ಕೊರೆದ ಗಾಜಿನ ಕಾಲುವೆ

ಟಿಣ್, ಟಿಣ್. ಕಾಫಿ ಲೋಟ ಕೈಗೆ ಬಂದರೆ ಸಾಕು, ಜಯ ಉಗುರಿನಿಂದ ಅಂಚು ತಟ್ಟಿ, ಗುಳ್ಳೆಗಳೆಲ್ಲ ಒಡೆದ ಮೇಲೇ ಕುಡಿಯುವುದು. "ಗುಳ್ಳೆ ಕಂಡ್ರೆ ಆಗಾಕಿಲ್ಲ ಮಿಸ್. ಕಾಲ್ವೇಲಿ ಒಂದು ಕೂತ್ಕಂಡ್ರೆ ಕರೆಂಟೇ ನಿಂತೋಯ್ತದೆ," ಅನ್ನುತ್ತಿದ್ದಳು.

ಅದು ತೊಂಬತ್ತರ ದಶಕದ ಕೊನೆ. ಸ್ಕೂಲಿನಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿತಿದ್ದ ಜಯ ಆಗ ಶ್ರೀರಂಗಪಟ್ಟಣದ ಗಂಜಾಂನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು, ಮೈಸೂರಿನ ಲ್ಯಾಬೊಂದಕ್ಕೆ ರಿಸರ್ಚಿಗೆಂದು ಹೋಗಿಬರುತ್ತಿದ್ದಳು. ಅಂಗೈಯಗಲದ ಗಾಜಿನಲ್ಲಿ ಕೂದಲಿನಷ್ಟು ಸಣ್ಣ ಕಾಲುವೆ ಕೊರೆದು, ಅದರೊಳಗೆ ಚೂರೇ ಚೂರು ರಕ್ತವನ್ನು ಕರೆಂಟಿನಿಂದ ಓಡಿಸುವುದು ಅವಳ ಕೆಲಸ. ಸೈನ್ಸ್ ಅಂದರೆ ಹೆದರುವ ನನಗೆ ಅವಳು ಬಿಡಿಸಿ ಹೇಳಿದ್ದು ಹೀಗೆ: "ಹೇಮಗಿರಿ ಜಾತ್ರೆಗೆ ದನ ಹೊಡ್ಕಂಡು ಹೋದಂಗೆ ಮಿಸ್. ಎಲ್ಲಾ ಒಟ್ಗೆ ಹೊರಡ್ತವೆ, ಒಂದೊಂದರ ನಡಿಗೆ ಒಂದೊಂದು ಥರ. ಕೊನೇಲಿ ನಿಂತು ನೋಡಿದ್ರೆ ಯಾವ್ದು ಯಾವ್ದೂಂತ ಗೊತ್ತಾಯ್ತದೆ."

ಚಿಪ್ ಅಂತ ಅವಳು ಕರೆಯುತ್ತಿದ್ದ ಆ ಗಾಜು ಸರಿಯಿದೆಯೇ ಎಂದು ತಿಳಿಯಲು ಮೊದಲು ಆರೋಗ್ಯವಂತರ ರಕ್ತ ಬೇಕು. ಜಯ ಕೆ.ಆರ್. ಪೇಟೆಯ ಅಕ್ಕನ ಮನೆಗೆ ಹೋಗಿ, ತಮ್ಮ ನಂಜುಂಡನ ಬೆರಳನ್ನೂ ಅಕ್ಕನ ಮಗಳು ಸುಧಾಳ ಬೆರಳನ್ನೂ ಚುಚ್ಚಿ ರಕ್ತ ತಂದಳು. "ನಮ್ಮೋರ್ಗಿಂತ ನಾರ್ಮಲ್ ಯಾರವ್ರೆ ಮಿಸ್?" ಎಂದು ನಕ್ಕಳು. ಅವರಿಬ್ಬರಿಗೇ ಮದುವೆ ಗೊತ್ತಾಗಿತ್ತು. ಸೋದರಮಾವನಿಗೆ ಕೊಡುವುದು ಅವರಲ್ಲಿ ರೂಢಿ.

ಇಬ್ಬರ ಗ್ರಾಫಿನಲ್ಲೂ ಒಂದೇ ಜಾಗದಲ್ಲಿ, ಸಣ್ಣದಾಗಿರಬೇಕಾದ ಗುಡ್ಡ ಎತ್ತರಕ್ಕೆ ಎದ್ದಿತ್ತು. ಚಿಪ್ಪೇ ಕೆಟ್ಟಿದೆಯೆಂದು ಅದನ್ನು ಎಸೆದು ಇನ್ನೊಂದನ್ನು ಕೊರೆದಳು, ಗುಡ್ಡ ಇಳಿಯಲಿಲ್ಲ. ಅದೇ ಚಿಪ್ಪಿನಲ್ಲಿ ತನ್ನ ರಕ್ತ ಓಡಿಸಿದಳು, ಸರಿಯಾಗಿ ಬಂತು. ಉಳಿದ ರಕ್ತವನ್ನು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದಾಗ ಡಾಕ್ಟರೂ ಅದನ್ನೇ ಹೇಳಿದರು. ಇಬ್ಬರಲ್ಲೂ ವಂಶದಿಂದ ಬರುವ ಒಂದು ರಕ್ತದ ರೋಗದ ಅರ್ಧ ಇದೆ, ಅವರಿಗೆ ತೊಂದರೆಯಿಲ್ಲ. ಆದರೆ ಹುಟ್ಟುವ ಮಗುವಿಗೆ ಎರಡು ಅರ್ಧವೂ ಸೇರಿದರೆ ತಿಂಗಳು ತಿಂಗಳೂ ರಕ್ತ ಕೊಡಿಸಬೇಕು. ಅಕ್ಕನ ಚೊಚ್ಚಲ ಮಗು ಬಿಳಿಚಿಕೊಂಡು ತೀರಿಹೋಗಿತ್ತು. ಆಗ ಎಲ್ಲರೂ ದೃಷ್ಟಿ ಅಂದಿದ್ದರು.

ಜಯ ಊರಿಗೆ ಹೋಗಿ ಹೇಳಿ ಬಂದ ಮಾರನೆಯ ದಿನವೇ ಅಕ್ಕ ನಮ್ಮ ಜಗಲಿಯಲ್ಲಿ ನಿಂತಿದ್ದಳು.

"ನಿನ್ ಓದಿಗಾಗ್ಲಿ ಅಂತ ಬೆರಳು ಕೊಟ್ರೆ ಮನೆ ರಕ್ತಕ್ಕೇ ಹೆಸರಿಟ್ಬುಟ್ಟಲ್ಲೇ. ಇನ್ ನನ್ ಮಗಳ್ನ ಯಾರು ತಗಂಡಾರು?"

"ಈ ದೋಸ ಇಲ್ದೋರ್ಗೆ ಕೊಟ್ರೆ ಮಕ್ಳಿಗೆ ಆ ಕಾಯ್ಲೆ ಬರಾಕಿಲ್ಲ ಕಣಕ್ಕ. ಇವರಿಬ್ಬರಿಗೆ ಮಾತ್ರ ಬ್ಯಾಡ."

"ನಿಂಗೆ ಗಂಡು ಸಿಗ್ನಿಲ್ಲ, ಅದ್ಕೆ ಹೊಟ್ಟೆಕಿಚ್ಚು."

ಮದುವೆ ನಡೆಯಿತು. ನನ್ನನ್ನು ಕರೆದರು, ಜಯಳನ್ನು ಕರೆಯಲಿಲ್ಲ, ಪೂರ್ ಗರ್ಲ್. ಜಯ ಮಹಡಿ ಖಾಲಿ ಮಾಡಿ ಬೆಂಗಳೂರಿಗೆ ಹೋದಳು.

ಮಾರನೆಯ ವರ್ಷ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಬೆಂಗಳೂರು ಬಸ್ಸಿನ ಕಿಟಕಿಯಲ್ಲಿ ಅವಳ ಮುಖ ಕಂಡಿತು. ಮೊದಲಿಗಿಂತ ಸೊರಗಿದ್ದಳು. ಮಾತಿಗೆ ಮಾತು ಬಂದು, ಸುಧಾಗೆ ಮೂರು ತಿಂಗಳಂತೆ ಎಂದೆ.

"ಈಗ್ಲೇ ಪರೀಕ್ಷೆ ಮಾಡ್ಸಿದ್ರೆ ಮಗೀಗೆ ಬಂದದೋ ಇಲ್ವೋ ಗೊತ್ತಾಯ್ತದೆ ಮಿಸ್," ಅಂದಳು. "ತಡ ಆದ್ರೆ ಏನೂ ಮಾಡಂಗಿಲ್ಲ."

"ನೀನು ಹೋದ್ರೆ ಬಾಗಿಲು ತೆಗೀತಾರೇನೆ ಜಯಾ?"

"ತೆಗೀದಿದ್ರೆ ಜಗ್ಲೀಲಿ ಕೂತ್ಕತೀನಿ."

ಬ್ಯಾಗು ಎತ್ತಿಕೊಂಡು ಇಳಿದವಳೇ, ಆಗಲೇ ಹೊರಟಿದ್ದ ಕೆ.ಆರ್. ಪೇಟೆ ಬಸ್ಸಿನ ಹಿಂದೆ ಓಡಿದಳು. ಕಂಡಕ್ಟರ್ ಕೈ ಕೊಟ್ಟು ಹತ್ತಿಸಿಕೊಂಡ. ನಾನು ಜಯಳನ್ನು ಕಡೆಯ ಬಾರಿ ನೋಡಿದ್ದು ಅದೇ.