ಕತ್ತೆತ್ತಿ ನೋಡದ ಮರ

ಸ್ಟೀಲ್ ತಟ್ಟೆಯಲ್ಲಿದ್ದ ತೊಗಟೆಯ ಅಂಚಿನಲ್ಲಿ ಬಿಳಿ ಹಾಲು ಒಣಗಿ ಮೇಣದಂತೆ ಗಟ್ಟಿಯಾಗಿತ್ತು. ಉಗುರಿನಿಂದ ಮುಟ್ಟಿ ನೋಡಿ, ಕೂಡಲೇ ಕೈ ತೊಳೆದುಕೊಂಡೆ.

ಮರುದಿನ ಆಟಿ ಅಮಾವಾಸ್ಯೆ, ಆಷಾಢದ ಕೊನೆಯ ದಿನ. ಉಡುಪಿ ಕಡೆಯವರಾದ ನಾವು ಆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಪಾಲೆ ಮರದ ತೊಗಟೆಯ ಕಹಿ ಕಷಾಯ ಕುಡಿಯುತ್ತೇವೆ. ವರ್ಷವಿಡೀ ರೋಗ ಬಾರದೆಂಬ ನಂಬಿಕೆ. ಪ್ರತಿ ವರ್ಷ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ತೊಗಟೆ ಈ ಸಲ ಬರಲಿಲ್ಲ. ಸಾನಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿರುವ ಸೋದರಮಾವ ಅಲ್ಲಿಯೇ ರಸ್ತೆಬದಿಯ ಮರದಿಂದ ಕೆತ್ತಿ, ಸಂಜೆ ಡೊಂಬಿವಲಿಯ ನಮ್ಮ ಮನೆಗೆ ತಂದಿದ್ದರು. ಕುಡಿಯುವವಳು ಅಮ್ಮ. ದಿನವೂ ಬಿ.ಪಿ. ಮಾತ್ರೆ ನುಂಗುವವಳು.

“ಪಾಲೆಯೇ ಅಂತ ಹೇಗೆ ಗೊತ್ತಾಯ್ತು ಮಾವ?”

“ವಾಟ್ಸಾಪಿನಲ್ಲಿ ವೀಡಿಯೋ ಬಂದಿತ್ತು. ಕೆತ್ತಿದ್ರೆ ಹಾಲು ಬರ್ಬೇಕು. ಬಂತು.”

“ಹಾಲು ಹಳದಿ ಕಣಗಿಲೆಗೂ ಬರ್ತದೆ. ಅದು ವಿಷ. ಎಲೆ ನೋಡಿದ್ರಾ?”

“ಎಲೆ ಮೇಲುಂಟು, ತೊಗಟೆ ಕೆಳಗುಂಟು. ಈ ಸೊಂಟ ಇಟ್ಕೊಂಡು ನಾನು ಆಕಾಶ ನೋಡುದಾ?”

ಅಮ್ಮ ನಕ್ಕಳು. “ಎಮ್ಮೆಸ್ಸಿ ಮಾಡಿದ್ಮೇಲೆ ಇವಳಿಗೆ ಎಲ್ಲದರ ಮೇಲೂ ಡೌಟು.”

“ಲಸಿಕೆ ಹಾಕಿಸಿಕೊಳ್ಳುವಾಗ ಬಾಟ್ಲಿಯಲ್ಲಿ ಎಂತ ಉಂಟು ಅಂತ ನೋಡಿದ್ಯಾ ಮಾರಾಯ್ತಿ?” ಎಂದರು ಮಾವ. “ಅವರು ಚುಚ್ಚಿದ್ರು, ನೀನು ಕೈ ಕೊಟ್ಟೆ. ನಾನು ತಂದದ್ದಕ್ಕೆ ಮಾತ್ರ ಇಷ್ಟು ಪ್ರಶ್ನೆ.”

“ಅದನ್ನ ಪರೀಕ್ಷೆ ಮಾಡಿದವರು ಬರೆದಿಟ್ಟಿದ್ದಾರೆ. ಯಾರು ಬೇಕಾದ್ರೂ ಓದಬಹುದು.”

“ನೀನು ಓದಿದ್ಯಾ?” ಅಮ್ಮ ಕೇಳಿದಳು.

ನಾನು ಓದಿರಲಿಲ್ಲ.

ಮಾವ ಹೋದ ಮೇಲೆ ಪಾಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ತೊಗಟೆಯ ಹೊಗಳಿಕೆ ಧಾರಾಳವಾಗಿತ್ತು. ಹೊಗಳಿದವರಲ್ಲಿ ಹೆಚ್ಚಿನವರು ಅದನ್ನೇ ಮಾರುವವರು. ಬಿ.ಪಿ. ಮಾತ್ರೆಯ ಜೊತೆಗೆ ಅದು ಏನು ಮಾಡೀತು ಎಂಬುದು ಮಾತ್ರ ಎಲ್ಲೂ ಸಿಗಲಿಲ್ಲ. ನನ್ನ ಸಂಶಯ ಹೆಚ್ಚಿದ್ದು ಅಲ್ಲಿ.

ಬೆಳಿಗ್ಗೆ ಅಮ್ಮ ಏಳುವ ಮೊದಲೇ ತೊಗಟೆಯನ್ನು ಚೀಲಕ್ಕೆ ಹಾಕಿಕೊಂಡು ಲೋಕಲ್ ರೈಲು ಹತ್ತಿದೆ. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಸಾನಪಾಡಾದಲ್ಲಿ ಇಳಿದೆ. ಮಾವನ ಹೋಟೆಲಿನ ಹಿಂದಿನ ರಸ್ತೆಯಲ್ಲಿ ಕೆತ್ತಿದ ಗಾಯವಿದ್ದ ಮರ ಒಂದೇ. ತುಂಡನ್ನು ಗಾಯಕ್ಕೆ ಹಿಡಿದೆ, ಹೊಂದಿತು. ಕತ್ತೆತ್ತಿದೆ. ರಾತ್ರಿ ಓದಿದ ಹಾಗೆಯೇ ರೆಂಬೆಯ ಸುತ್ತ ಎಲೆಗಳು ಛತ್ರಿಯ ಕಡ್ಡಿಗಳಂತೆ ಹರಡಿದ್ದವು. ಪಾಲೆಯೇ.

ಅಮ್ಮನಿಗೆ ಫೋನ್ ಮಾಡಿ, ಮಾವ ತಂದದ್ದು ಸರಿಯಾದ ಮರ ಎಂದೆ.

“ಹಾಗಾದ್ರೆ ಬೇಗ ಬಾ. ಕಷಾಯಕ್ಕೆ ಕಾಳುಮೆಣಸು ಜಜ್ಜಿ ಇಟ್ಟಿದ್ದೇನೆ.”

“ಮರ ಯಾವುದು ಅಂತ ಗೊತ್ತಾಯ್ತು ಅಷ್ಟೆ. ನಿನ್ನ ಮಾತ್ರೆ ಜೊತೆ ಆಗ್ತದಾ ಅಂತ ಗೊತ್ತಿಲ್ಲ. ಡಾಕ್ಟರನ್ನ ಕೇಳ್ತೇನೆ.”

“ಅವರು ಬೇಡ ಅಂತಲೇ ಹೇಳುದು.”

“ಹೇಳಿದ್ರೆ ಯಾಕೆ ಅಂತಲೂ ಕೇಳ್ತೇನೆ.”

ಡೊಂಬಿವಲಿಯಲ್ಲಿ ಇಳಿದು ಮನೆಗೆ ಹೋಗಲಿಲ್ಲ. ತೊಗಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಡಾಕ್ಟರರ ಕ್ಲಿನಿಕ್ಕಿನ ಇನ್ನೂ ತೆರೆಯದ ಶಟರ್ ಮುಂದಿನ ಮೆಟ್ಟಿಲ ಮೇಲೆ ಕುಳಿತೆ.