ಚಂಚಿಯೊಳಗಿನ ಸೆಲ್ಲು

ನನ್ನ ಬ್ಯಾಟರಿಯನ್ನು ಹಾಳುಬಾವಿಗೆ ಎಸೆಯಬೇಕೆಂದು ಮನೆಯ ಗಂಡಸರು ತೀರ್ಮಾನ ಮಾಡಿದ್ದರು. ನಾನು ಎಸೆಯಲಿಲ್ಲ. ಅದು ಈಗಲೂ ಬಾಗಿಲ ಪಕ್ಕದ ಗೂಡಿನಲ್ಲಿದೆ.

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಎನ್ನುತ್ತೇವೆ, ಅದರೊಳಗೆ ಹಾಕುವುದಕ್ಕೆ ಸೆಲ್ಲು. ನಾನು ಸಾಲಿ ಕಲಿಯುವುದನ್ನು ಬಿಟ್ಟದ್ದು ಎರಡನೆಯ ಇಯತ್ತೆಗೆ. ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತದೆ. ಆದರೂ ಇದನ್ನು ನಾನೇ ಬರೆಯಬೇಕಾಯಿತು. ನನ್ನ ಮೈದುನ ಊರ ತುಂಬ ಬೇರೆಯದೇ ಕಥೆ ಹೇಳಿಕೊಂಡು ತಿರುಗುತ್ತಿದ್ದಾನೆ.

ಹೊರ್ತಿ ಊರಿನ ಹತ್ತಿರ ನಮ್ಮ ಹೊಲ. ಗಂಡ ಸತ್ತ ಮೇಲೆ ನಿಂಬೆಯ ತೋಟ ನನ್ನ ಪಾಲಿಗೆ ಬಂತು. ಅದರ ಪಕ್ಕದ ಪಟ್ಟಿ ಮೈದುನನದು. ಬೋರು ಇಬ್ಬರಿಗೂ ಒಂದೇ. ಕರೆಂಟು ಕೆಲವು ವಾರ ಹಗಲು ಬರುತ್ತದೆ, ಕೆಲವು ವಾರ ಕೋಳಿ ಕೂಗುವ ಮೊದಲು. ಆ ಕತ್ತಲಲ್ಲಿ ನಿಂಬೆಯ ಮುಳ್ಳು ಕಾಣುವುದಿಲ್ಲ, ಪಾತಿಯ ಅಂಚಿನಲ್ಲಿ ಮಲಗಿದ ಹಾವೂ ಕಾಣುವುದಿಲ್ಲ. ಕೈಯಲ್ಲಿ ಬೆಳಕಿಲ್ಲದಿದ್ದರೆ ನಾನು ಹೊಲಕ್ಕೆ ಹೋಗುವಂತಿಲ್ಲ. ನಾನು ಹೋಗದಿದ್ದರೆ ನೀರು ಬಿಡುವವನು ಮೈದುನ. ಈ ವರ್ಷ ನೀರು ಬಿಟ್ಟವನು ಬರುವ ವರ್ಷ ಕಾಯಿ ಹರಿಯಲೂ ತಾನೇ ನಿಲ್ಲುತ್ತಾನೆ. ಅವನು ಕೆಟ್ಟವನಲ್ಲ, ಆದರೆ ಅವನ ಸ್ವಭಾವ ನನಗೆ ಗೊತ್ತು.

ತಗಡಿನ ಹಳೆಯ ಬ್ಯಾಟರಿ ಕೆಟ್ಟಾಗ ಮಗ ಇಂಡಿ ಪಟ್ಟಣದ ಬಜಾರದಿಂದ ಹೊಸದು ತಂದ. ಹೆಬ್ಬೆರಳಿಗಿಂತ ದಪ್ಪನೆಯ ಒಂದೇ ಸೆಲ್ಲು, ಚಾರ್ಜು ಮಾಡುವಂಥದು. ಜೊತೆಗೆ ಇನ್ನೊಂದು ಹೆಚ್ಚಿನ ಸೆಲ್ಲು, ಅದರದೇ ಚಾರ್ಜರು. ಬೆಳಕು ಹೊಲದ ಆ ಬದುವಿನವರೆಗೆ ಹೋಗುತ್ತಿತ್ತು. ಮೊದಲ ದಿನವೇ ನಾನು ಇಂಡಿಗೆ ಹೋಗುವ ಬಸ್ಸು ಹತ್ತಿ ಆ ಅಂಗಡಿಯವನನ್ನು ಕೇಳಿಕೊಂಡು ಬಂದೆ. ಅವನು ಬೇಸರದಿಂದಲೇ ಹೇಳಿದ: ಇದರ ಚಾರ್ಜರಿನಲ್ಲೇ ಇಡಬೇಕು, ಹಸಿರು ದೀಪ ಬಂದ ಮೇಲೆ ತೆಗೆಯಬೇಕು, ಬಿಸಿಲಿಗೆ ಇಡಬಾರದು, ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹರಿದದ್ದನ್ನು, ಉಬ್ಬಿದ್ದನ್ನು ಬಳಸಬಾರದು. ಬಿಡಿ ಸೆಲ್ಲಿಗೆ ಕಬ್ಬಿಣ ತಾಕಬಾರದು. ನಾನು ಮತ್ತೆ ಮತ್ತೆ ಕೇಳಿ ಬಾಯಿಪಾಠ ಮಾಡಿಕೊಂಡೆ.

ಅಂದಿನಿಂದ ನಾನು ಹಗಲಿನಲ್ಲೇ ಚಾರ್ಜು ಮಾಡುತ್ತೇನೆ. ಪಡಸಾಲೆಯಲ್ಲಿ ಬರಿಯ ಫರಸಿ ಕಲ್ಲಿನ ಮೇಲೆ, ಕೌದಿ ಇಲ್ಲ, ಒಣ ದಂಟಿನ ಕಣಿಕೆ ಇಲ್ಲ, ಜೋಳದ ಚೀಲ ಇಲ್ಲ. ಎದುರಿಗೆ ಕುಳಿತು ಕಾಳು ಹಸನು ಮಾಡುತ್ತ, ನಡುನಡುವೆ ಮುಟ್ಟಿ ನೋಡುತ್ತೇನೆ. ಬೆಚ್ಚಗಿದ್ದರೆ ಇರಲಿ, ಸುಡುವಂತಾದರೆ ಕಿತ್ತುಬಿಡುತ್ತೇನೆ.

ಸೊಸೆ ನಗುತ್ತಿದ್ದಳು. “ಅತ್ತಿ, ಇದಕ್ಕೇನ ಕಾವಲ ಕುಂತೀರಿ? ಓಡಿ ಹೋಗ್ತೈತೇನು?”

“ಹಾಲ ಒಲಿ ಮ್ಯಾಗ ಇಟ್ಟು ನೀ ತವರಮನಿಗಿ ಹೋಗ್ತೀಯೇನು?” ಎಂದೆ.

ಮೈದುನನಿಗೆ ಮಾತ್ರ ಹಳೆಯ ಚಾಳಿ. ಮೊದಲಿನ ಸೆಲ್ಲುಗಳು ಮಂಕಾದರೆ ನಾವೆಲ್ಲ ಮಾಳಿಗೆಯ ಮೇಲೆ, ಮೆಣಸಿನಕಾಯಿಯ ಪಕ್ಕ, ಬಿಸಿಲಿಗೆ ಒಣಹಾಕುತ್ತಿದ್ದೆವು. ಇನ್ನೆರಡು ದಿನ ಮಿಣಮಿಣ ಎನ್ನುತ್ತಿದ್ದವು. ಒಂದು ದಿನ ನನ್ನ ಹೊಸ ಸೆಲ್ಲೂ ಮಾಳಿಗೆಯ ಮೇಲೆ ಕಂಡಿತು. ಇಳಿಸಿಕೊಂಡು ಬಂದೆ.

“ಬಿಸಲಿಗಿಟ್ರ ಜೀವ ಬರ್ತೈತ್ರಿ ವೈನಿ. ಅಣ್ಣ ಇದ್ದಾಗಿಂದ ಹಿಂಗ ಮಾಡೇವಿ” ಎಂದ. ಅಣ್ಣನ ಹೆಂಡತಿಯಾದ ನನ್ನನ್ನು ಅವನು ವೈನಿ ಎನ್ನುತ್ತಾನೆ.

“ಅವು ಬ್ಯಾರೆ, ಇದು ಬ್ಯಾರೆ. ಅಂಗಡಿಯಂವ ಬ್ಯಾಡಂತ ಹೇಳ್ಯಾನ.”

“ಅಂಗಡಿಯಂವ ನಿಮ್ಮ ತವರಿನಂವನೇನ್ರಿ, ಅಷ್ಟ ನಂಬಾಕ?”

ಅವನು ಬೈದರೂ ನನ್ನ ಬೆಳಕಿನ ಮೇಲೆ ಅವನಿಗೆ ಕಣ್ಣಿತ್ತು. ತಾನೂ ಅಂಥದೊಂದು ತರಬೇಕೆಂದು, ಅಂಗಡಿಯಲ್ಲಿ ತೋರಿಸಲು ನನ್ನ ಹೆಚ್ಚಿನ ಸೆಲ್ಲನ್ನು ಸೊಸೆಯ ಕೈಯಿಂದ ಇಸಿದುಕೊಂಡು ಹೋದ. ನಾನು ಗಿರಣಿಗೆ ಹೋಗಿದ್ದೆ. ಇಟ್ಟುಕೊಂಡದ್ದೆಲ್ಲಿ? ಚಂಚಿಯಲ್ಲಿ. ಚಂಚಿಯೆಂದರೆ ಎಲೆ ಅಡಿಕೆಯ ಬಟ್ಟೆ ಚೀಲ. ಅವನ ಚಂಚಿಯಲ್ಲಿ ಅಡಿಕೆ ಕತ್ತರಿಸುವ ಕಬ್ಬಿಣದ ಅಡಕತ್ತು, ತಗಡಿನ ಸುಣ್ಣದ ಡಬ್ಬಿ. ಅದನ್ನು ಸುತ್ತಿ ಧೋತರದ ನಡುವಿಗೆ ಸಿಕ್ಕಿಸಿಕೊಂಡು ಓಡಾಡುತ್ತಾನೆ. ಅಡಕತ್ತು ಸೆಲ್ಲಿನ ಸಿಪ್ಪೆಯನ್ನು ಗೀರಿರಬೇಕು.

ಸಂಜೆ ನಾನು ಅಂಗಳ ಗುಡಿಸುತ್ತಿದ್ದೆ. ಅವನು ಕಟ್ಟೆಯ ಮೇಲೆ ಕುಳಿತವನು ಚೇಳು ಕಡಿದವನಂತೆ ಎದ್ದು, “ಸುಡಾಕತ್ತೈತಿ, ಸುಡಾಕತ್ತೈತಿ” ಎಂದು ಚಂಚಿಯನ್ನು ಕಿತ್ತು ಒಗೆದ. ಅದು ಬಿದ್ದದ್ದು ಕಣಿಕೆಯ ಬಣವೆಯ ಬುಡಕ್ಕೆ. ಚುಸ್ಸೆಂದು ಬಿಳಿ ಹೊಗೆ ಎದ್ದಿತು. ನಾನು ಸಲಿಕೆಯಿಂದ ಅದನ್ನು ಬಯಲಿಗೆ ಎಳೆದು ಮಣ್ಣು ಎಳೆದು ಮುಚ್ಚಿದೆ. ಹೊಗೆ ನಿಂತರೂ ಯಾರನ್ನೂ ಹತ್ತಿರ ಬಿಡಲಿಲ್ಲ. ಸೊಸೆ ಅವನ ಸುಟ್ಟ ನಡುವಿಗೆ ತಣ್ಣೀರು ಸುರಿಯುತ್ತಲೇ ಇದ್ದಳು. ವೀಳ್ಯದೆಲೆಯಷ್ಟು ಅಗಲದ ಗಾಯವಾಗಿತ್ತು.

ಗಾಯಕ್ಕೆ ಮುಲಾಮು ಹಚ್ಚಿಸಿಕೊಂಡು ಬಂದ ಮೇಲೆ ಪಡಸಾಲೆಯಲ್ಲಿ ಪಂಚಾಯ್ತಿ ಕೂತಿತು. ಮೈದುನ ಒಂದು ಮಗ್ಗುಲಿಗೆ ವಾಲಿಕೊಂಡು ಕುಳಿತಿದ್ದ.

“ಯವ್ವಾ, ಅದನ್ನ ಬಾವಿಗಿ ಒಗದ್ ಬಿಡು” ಎಂದ ಮಗ. “ಇನ್ನ ಕತ್ತಲ್ಯಾಗ ನೀ ಹೊಲಕ್ಕ ಹೋಗೂದೂ ಬ್ಯಾಡ. ನಿನ್ನ ಗಿಡಕ್ಕ ಕಾಕಾ ನೀರ ಹಾಯಿಸ್ತಾನ.”

“ಹಾಯಿಸ್ತೇನ್ರಿ ವೈನಿ” ಎಂದ ಮೈದುನ. ನೋವಿನಲ್ಲೂ ಅಷ್ಟು ಮಾತು ಸಲೀಸಾಗಿ ಬಂತು.

ಅದೇ ನನ್ನ ಹೊಟ್ಟೆಗೆ ಬೆಂಕಿ ಹಾಕಿದ್ದು.

“ಅಡಕತ್ತಿನ ಜೋಡಿ ಸೆಲ್ ಇಟ್ಟಾಕಿ ನಾನೇನು? ಬಿಸಲಿಗಿಟ್ಟಾಕಿ ನಾನೇನು?” ಎಂದೆ. “ಒಗಿಯೂದಿದ್ರ ಮೊದಲ ಆ ಚಂಚಿ ಒಗೀರಿ.”

“ಚಂಚಿ ಅಪ್ಪನ ಕಾಲದ್ದೈತ್ರಿ ವೈನಿ. ಎಂದೂ ಯಾರನ್ನೂ ಸುಟ್ಟಿಲ್ಲ.”

“ನನ್ನ ಬ್ಯಾಟರಿನೂ ನನ್ನ ಸುಟ್ಟಿಲ್ಲ.”

ಮಗ ದನಿ ಏರಿಸಿದ. “ಹಟ ಮಾಡಬ್ಯಾಡ. ಅಂಥಾ ಸೆಲ್ಲು ಮನ್ಯಾಗ ಇರೂದ ಅಪಾಯ.”

ಸೊಸೆ ಒಲೆಯ ಮುಂದಿನಿಂದ ಎದ್ದು ಬಂದಳು. “ನಿಮ್ಮ ಅಂಗಿ ಕಿಸೆದಾಗಿನ ಫೋನಿನ್ಯಾಗೂ ಅಂಥಾದ ಐತ್ರಿ. ದಿನಾ ಕೌದಿ ಮ್ಯಾಗ ಚಾರ್ಜಿಗಿಟ್ಟು ಮಲಗ್ತೀರಿ” ಎಂದಳು.

“ಹಂಗಾದ್ರ ಬಾವಿಗಿ ಎರಡೂ ಕೂಡೇ ಹೋಗಲಿ” ಎಂದೆ. ಮಗ ಕಿಸೆಯ ಮೇಲೆ ಕೈ ಇಟ್ಟುಕೊಂಡ. ಫೋನು ತೆಗೆಯಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಮಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ, ನನಗೂ ಅವನ ಮಾತಿನ ಅವಸರವಿರಲಿಲ್ಲ. ಸತ್ತ ಸೆಲ್ಲನ್ನು ಮರಳು ತುಂಬಿದ ಡಬ್ಬಿಯಲ್ಲಿ ಹೊರಗಿಟ್ಟಿದ್ದೆ. ತಿಪ್ಪೆಗೂ ಹಾಕಲಿಲ್ಲ, ಒಲೆಗೂ ಹಾಕಲಿಲ್ಲ. ಇಂಡಿಗೆ ಒಯ್ದು ಅಂಗಡಿಯವನ ಮುಂದೆ ಇಟ್ಟು, ಇಂಥವನ್ನು ಎಲ್ಲಿ ಕೊಡುತ್ತೀಯೋ ಅಲ್ಲಿ ಕೊಡು ಎಂದೆ. ಹೊಸ ಸೆಲ್ಲಿನ ಜೊತೆ ಅದನ್ನು ಇಡಲು ಪ್ಲಾಸ್ಟಿಕ್ ಡಬ್ಬಿಯನ್ನೂ ಇಸಿದುಕೊಂಡೆ. ಡಬ್ಬಿ ಸೆರಗಿನ ಗಂಟಿನಲ್ಲಿರುತ್ತದೆ, ನನ್ನನ್ನು ಕೇಳದೆ ಯಾರೂ ಒಯ್ಯುವಂತಿಲ್ಲ.

ನಮ್ಮ ನೀರಿನ ಪಾಳಿ ಬಂದ ದಿನ, ಇನ್ನೂ ಕತ್ತಲಿರುವಾಗಲೇ ಎದ್ದು, ಸಲಿಕೆ ಹೆಗಲಿಗೇರಿಸಿ ಹೊರಟೆ. ಮಗ ಹೊರಸಿನ ಮೇಲೆ ಮಲಗಿದಲ್ಲೇ ಎಚ್ಚರವಾಗಿದ್ದ, ತಡೆಯಲಿಲ್ಲ. ಅವನ ಫೋನು ಕೌದಿಯ ಮೇಲಿರಲಿಲ್ಲ, ಕೆಳಗೆ ಫರಸಿಯ ಮೇಲಿತ್ತು, ಚಾರ್ಜರಿನ ವೈರು ತೆಗೆದಿತ್ತು.

ಬೋರಿನ ಹತ್ತಿರ ಮೈದುನ ಮೊದಲೇ ಬಂದು ನಿಂತಿದ್ದ. ಕೈಯಲ್ಲಿ ತನ್ನದೇ ತಗಡಿನ ಹಳೆಯ ಬ್ಯಾಟರಿ, ಅದರ ಬೆಳಕು ಅವನ ಕಾಲಿನವರೆಗೂ ಇಳಿಯುತ್ತಿರಲಿಲ್ಲ. ನಾನು ನೀರನ್ನು ನನ್ನ ಗಿಡಗಳ ಕಡೆ ತಿರುಗಿಸಿದೆ. ಕೊನೆಯ ಪಾತಿ ತುಂಬುವವರೆಗೂ ಅವನು ಬದುವಿನ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದ. ಆಮೇಲೆ ನೀರು ಅವನ ಪಟ್ಟಿಗೆ ಹೊರಳಿತು.

“ವೈನಿ, ಆ ಬ್ಯಾಟರಿ ಚೂರ ಕೊಡ್ರಿ. ಕಾಲುವಿ ಎಲ್ಲಿ ಒಡದೈತೋ ಕಾಣವಲ್ದು.”

ಕೊಡಲಿಲ್ಲ. ಅವನು ಒಡಕಿಗೆ ಮಣ್ಣು ಹಾಕುವವರೆಗೂ ಬೆಳಕನ್ನು ನಾನೇ ಹಿಡಿದು ನಿಂತೆ.