ಗರುಗ ಅಂದುಕೊಂಡು ಕಿತ್ತ ಸೊಪ್ಪು

ನನ್ನ ಹಸುಗೂಸಿನ ಕಣ್ಣಿಗೆ ಕಾಡಿಗೆಯ ಬೆರಳು ತಾಗುವಷ್ಟರಲ್ಲಿ, ನೀರು ಕೇಳಲು ಬಂದಿದ್ದ ಕುರಿ ಕಾಯುವ ಅಜ್ಜಿ ನನ್ನ ಕೈ ಹಿಡಿದುಬಿಟ್ಟಳು. ಎಂಬತ್ತರ ದಶಕದಲ್ಲಿ, ದೊಡ್ಡೇರಿ ಬಳಿಯ ನಮ್ಮ ಮನೆಯಲ್ಲಿ. ಗರುಗದ ಸೊಪ್ಪಿನ ರಸದಲ್ಲಿ ನೆನೆಸಿ ಒಣಗಿಸಿದ ಬತ್ತಿ ಉರಿಸಿ, ನಾನೇ ಮೊದಲ ಸಲ ಮಾಡಿದ್ದ ಕಾಡಿಗೆ ಅದು.

ಒರಳ ಪಕ್ಕ ಉಳಿದಿದ್ದ ಬಿಳಿ ಹೂವಿನ ಸೊಪ್ಪು ತೋರಿಸಿ ಕೇಳಿದಳು, “ಇದ್ನ ಎಲ್ಲಿ ಕಿತ್ತೆ?”

“ಹೊಲದ ಬದಿನಾಗೆ.”

“ಒಳ್ಳೆ ಬಾಣಂತಿ ಕಣಮ್ಮ ನೀನು! ಒಣನೆಲ್ದಾಗೆ ಗರುಗ ಎಲ್ಲಿ ಬತ್ತದೆ? ಬ್ಯಾರೆ ಸೊಪ್ಪು ಕೂಸಿನ ಕಣ್ಣಿಗೆ ಕೇಡು. ಕೆರೆ ತೂಬಿನ ಕೆಸರ್ನಾಗೆ ಹುಡುಕು. ಹೂವ ನಂಬಬ್ಯಾಡ, ಎಲೆ ಉಜ್ಜಿ ನೋಡು, ಕಪ್ಪಾಯ್ತದೆ.”

ಉಜ್ಜಿದೆ. ಅಂಗೈ ಹಸಿರಾಗಿಯೇ ಉಳಿಯಿತು. ಕೂಸನ್ನು ಅವಳ ಮಡಿಲಿಗೆ ಹಾಕಿ ತೂಬಿಗೆ ಓಡಿದೆ. ಅಲ್ಲಿಯ ಎಲೆಗೆ ನೋಡನೋಡುತ್ತಲೇ ಅಂಗೈ ಕಪ್ಪಾಯಿತು.

ಆ ಕೂಸು, ನನ್ನ ಮಗಳು, ಇಂದಿಗೂ ಸಂಜೆಗತ್ತಲಲ್ಲಿ ಸೂಜಿಗೆ ದಾರ ಪೋಣಿಸುತ್ತಾಳೆ. ದೇವರಿಗೆ ಕೈಮುಗಿಯುವಾಗ ಆ ಅಜ್ಜಿಯ ನೆನಪಾಗುತ್ತದೆ. ಅವಳಿಗೆ ಅಂದು ನಾನು ಕೊಟ್ಟದ್ದು ಒಂದು ಚೊಂಬು ನೀರು ಮಾತ್ರ.